ಎರಡು ಹಾರ್ಡ್ ಡಿಸ್ಕ್‌ನಲ್ಲಿ ಕಾಪಿ ಇದ್ದರೆ ಸಾಕಲ್ವಾ?

ಪ್ರಶ್ನೆ: ಮುಧೋಳದಲ್ಲಿ ನಮ್ಮದು ಫೋಟೋ ಸ್ಟುಡಿಯೋ. ಇಷ್ಟು ವರ್ಷದ ಲಗ್ನ, ಕುಬಸ, ಜವಳದ ಫೋಟೋ, ವಿಡಿಯೋ ಎಲ್ಲ ಸೇರಿ 10 ಟಿಬಿ ದಾಟಿದೆ. ಒಂದು ಹಾರ್ಡ್ ಡಿಸ್ಕ್‌ನಲ್ಲಿ ಮೂಲ ಫೈಲ್, ಇನ್ನೊಂದರಲ್ಲಿ ಕಾಪಿ ಇದೆ. ಎರಡನ್ನೂ ಯಾವಾಗಲೂ ಕಂಪ್ಯೂಟರಿಗೆ ಜೋಡಿಸಿಯೇ ಇಟ್ಟಿರುತ್ತೇವೆ. ಇಷ್ಟು ಸಾಕಲ್ವಾ?

ಉತ್ತರ: ಸಾಲದು. ಒಂದು ಡಿಸ್ಕ್ ಕೆಟ್ಟರೆ ಇನ್ನೊಂದು ಕೈಗೆ ಬರುತ್ತೆ, ನಿಜ. ಅಷ್ಟೂ ಮಾಡದವರೇ ಜಾಸ್ತಿ. ಆದರೆ ಕಾಪಿ ಎಷ್ಟಿವೆ ಅಂತ ಎಣಿಸುವ ಮೊದಲು, ಒಂದೇ ಏಟಿಗೆ ಎರಡೂ ಹೋಗುವಂಥದ್ದು ಏನಿದೆ ಅಂತ ನೋಡಬೇಕು.

ನಿಮ್ಮೂರಲ್ಲಿ ಅದನ್ನು ಹೇಳಿಕೊಡಬೇಕಾಗಿಲ್ಲ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ, ಮುಧೋಳದ ಕಡೆ ನೀರು ನುಗ್ಗಿತ್ತು. ರಾಮದುರ್ಗದ ಕಡೆ ಮಲಪ್ರಭೆ ಅದನ್ನೇ ಮಾಡಿತು. ಒಂದೇ ಟೇಬಲ್ ಮೇಲಿರುವ ಎರಡು ಡಿಸ್ಕ್‌ಗಳಲ್ಲಿ ನೀರು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವುದಿಲ್ಲ. ಸಿಡಿಲಿಗೆ ಕರೆಂಟು ಏರಿದರೂ ಅಷ್ಟೇ, ಕಳ್ಳ ಬಂದರೂ ಅಷ್ಟೇ.

ಇವೆಲ್ಲ ಕಣ್ಣಿಗೆ ಕಾಣುವಂಥವು. ಕಾಣದೇ ಬರುವುದು ರಾನ್ಸಮ್‌ವೇರ್. ಕಂಪ್ಯೂಟರಿಗೆ ಹೊಕ್ಕು ಫೈಲುಗಳಿಗೆಲ್ಲ ಬೀಗ ಜಡಿದು, ಕೀಲಿ ಬೇಕಾದರೆ ದುಡ್ಡು ಕೊಡಿ ಅನ್ನುವ ಸಾಫ್ಟ್‌ವೇರ್ ಅದು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಅನ್ನೋದು ಸುಮಾರು 150 ದೇಶಗಳಲ್ಲಿ ಹಾವಳಿ ಮಾಡಿತು. ಅದು ನುಗ್ಗಿದ ಕಂಡಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಬಿಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಇಂಥ ಸಾಫ್ಟ್‌ವೇರಿಗೆ ಮೂಲ ಯಾವುದು, ಕಾಪಿ ಯಾವುದು ಅನ್ನೋ ಭೇದ ಇಲ್ಲ. ಜೋಡಿಸಿದ್ದೆಲ್ಲ ಅದರ ಪಾಲು.

ಇನ್ನು ನಮ್ಮ ಕೈಯೇ ಮಾಡುವ ಅನಾಹುತ. ಎರಡು ಡಿಸ್ಕ್ ಸದಾ ಒಂದೇ ಥರ ಇರುವಂತೆ ಸಿಂಕ್ ಇಟ್ಟಿದ್ದರೆ, ಇಲ್ಲಿ ತಪ್ಪಿ ಡಿಲೀಟ್ ಮಾಡಿದ್ದು ಅಲ್ಲೂ ಡಿಲೀಟ್. ಒಂದರಲ್ಲಿ ಬರೆದದ್ದನ್ನು ತಾನಾಗಿಯೇ ಇನ್ನೊಂದರಲ್ಲೂ ಬರೆಯುವ, ಎರಡು ಡಿಸ್ಕ್ ಹಾಕುವ ರೇಡ್ ಡಬ್ಬಿ ತಂದರೂ ಇದೇ ಕಥೆ. ಗೂಗಲ್ ಡ್ರೈವ್‌ನಲ್ಲಿ ಅಳಿಸಿದ್ದು 30 ದಿನ ಟ್ರ್ಯಾಶ್‌ನಲ್ಲಿರುತ್ತೆ, ಆಮೇಲೆ ಹೋಯಿತು.

ಇದಕ್ಕೆ ಎಲ್ಲರೂ ಹೇಳುವ ಸೂತ್ರ 3-2-1. ಮೂಲ ಸೇರಿ ಮೂರು ಪ್ರತಿ, ಎರಡು ಬೇರೆ ಥರದ ಸಾಧನದಲ್ಲಿ, ಒಂದು ಬೇರೆ ಜಾಗದಲ್ಲಿ. ಇದನ್ನು ಜನಪ್ರಿಯ ಮಾಡಿದವರು ಕಂಪ್ಯೂಟರ್ ಕಂಪನಿಯವರಲ್ಲ, ಪೀಟರ್ ಕ್ರೋಗ್ ಅನ್ನೋ ಅಮೆರಿಕದ ಫೋಟೋಗ್ರಾಫರ್. ನಿಮ್ಮ ಕಸುಬಿನವರೇ! ನನ್ನ ಕೇಳಿದರೆ, ಸಣ್ಣ ಸ್ಟುಡಿಯೋಗೆ ‘ಎರಡು ಥರದ ಸಾಧನ’ಕ್ಕಿಂತ ‘ಬೇರೆ ಜಾಗ’ ಮುಖ್ಯ. ಇನ್ನೊಂದು ಡಿಸ್ಕ್ ಕೊಳ್ಳಿ. ಕಾಪಿ ಮುಗಿದ ಕೂಡಲೇ ಕಳಚಿ, ಬಾಗಲಕೋಟೆ ನವನಗರದಲ್ಲಿ ಅಕ್ಕನೋ ಮಾವನೋ ಇದ್ದರೆ ಅವರ ಕಬ್ಬಿಣದ ಕಪಾಟಿನಲ್ಲಿಡಿ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೇ ಊರು ಮುಳುಗುತ್ತೆ ಅಂತಲೇ ಕಟ್ಟಿದ ಊರು ಅದು. ಸೀಸನ್ ಮುಗಿದಾಗೊಮ್ಮೆ ತಂದು ಹೊಸ ಕೆಲಸ ಸೇರಿಸಿ ವಾಪಸ್ ಕಳಿಸಿ.

ಎಲ್ಲ ಕ್ಲೌಡ್‌ಗೆ ಹಾಕಿದರಾಯಿತಲ್ಲ ಅನ್ನಬಹುದು. ಲೆಕ್ಕ ಹಾಕಿ ನೋಡಿ. 100 ಎಂಬಿಪಿಎಸ್‌ನಲ್ಲಿ, ಅಂದರೆ ಸೆಕೆಂಡಿಗೆ 100 ಮೆಗಾಬಿಟ್‌ನಂತೆ, ತೆಗೆದ 4ಕೆ ವಿಡಿಯೋ ಒಂದು ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾ, ನಾಲ್ಕು ಗಂಟೆ ಅಂದರೆ ಒಂದೇ ಲಗ್ನಕ್ಕೆ 360 ಜಿಬಿ. ನಿಮ್ಮ ಲೈನಿನ ಅಪ್‌ಲೋಡ್ 20 ಎಂಬಿಪಿಎಸ್ ಇದ್ದರೆ 1 ಟಿಬಿ ಏರಿಸಲು ಹಗಲು ರಾತ್ರಿ ಬಿಡದೆ ಸುಮಾರು ನಾಲ್ಕೂವರೆ ದಿನ ಬೇಕು, ನಡುವೆ ಕರೆಂಟು ಹೋಗದಿದ್ದರೆ. ಹಾಗಾಗಿ ಆಲ್ಬಮ್‌ಗೆ ಹೋದ ಫೋಟೋ, ಎಡಿಟ್ ಆದ ವಿಡಿಯೋ, ಗಿರಾಕಿಗಳ ಪಟ್ಟಿ, ಇಷ್ಟೇ ಕ್ಲೌಡ್‌ಗೆ ಹೋಗಲಿ.

ಕಾಪಿ ಇದೆ ಅನ್ನೋದು ಒಂದು, ಅದು ತೆರೆಯುತ್ತೆ ಅನ್ನೋದು ಇನ್ನೊಂದು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಅನ್ನೋ ಕಂಪನಿಯಲ್ಲಿ ಎಂಜಿನಿಯರ್ ಒಬ್ಬರು ತಪ್ಪು ಸರ್ವರಿನಲ್ಲಿ ಡೇಟಾಬೇಸ್ ಅಳಿಸಿದರು. ಬ್ಯಾಕಪ್‌ಗೆ ಅಂತ ಐದು ವ್ಯವಸ್ಥೆ ಇದ್ದವು, ಬೇಕಾದಾಗ ಒಂದೂ ಸರಿಯಾಗಿ ಕೈಹಿಡಿಯಲಿಲ್ಲ. ಸುಮಾರು ಆರು ಗಂಟೆ ಮೊದಲು ಬೇರೆ ಯಾವುದೋ ಕೆಲಸಕ್ಕೆ ತೆಗೆದಿಟ್ಟ ಪ್ರತಿಯಿಂದ ಬಚಾವಾದರು. ಸಾಫ್ಟ್‌ವೇರ್ ಕಂಪನಿಯ ಪಾಡೇ ಇದು. ಹಾಗಾಗಿ ಆಗಾಗ ಬ್ಯಾಕಪ್ ಡಿಸ್ಕನ್ನು ಬೇರೆ ಲ್ಯಾಪ್‌ಟಾಪಿಗೆ ಹಾಕಿ. ಯಾವುದೋ ಹಳೇ ಲಗ್ನದ ಫೋಲ್ಡರ್ ತೆಗೆಯಿರಿ. ಥಂಬ್‌ನೇಲ್ ಕಂಡಿತು ಅಂತ ಬಿಡಬೇಡಿ. ಫೋಟೋ ಪೂರ್ತಿ ದೊಡ್ಡದು ಮಾಡಿ ನೋಡಿ. ವಿಡಿಯೋ ಆಗಿದ್ದರೆ ನಡುವೆ, ಅಕ್ಷತೆ ಬೀಳುವ ಹೊತ್ತಿಗೆ ಎಳೆದು ಓಡಿಸಿ. ಅರ್ಧ ಕಾಪಿಯಾದ ಫೈಲಿನ ಬಂಡವಾಳ ಅಲ್ಲಿ ಬಯಲಾಗುತ್ತೆ. ಹೊಸದಾಗಿ ಕಾಪಿ ಮಾಡುವಾಗ ಟೆರಾಕಾಪಿಯಂಥ ಪ್ರೋಗ್ರಾಂನಲ್ಲಿ ವೆರಿಫೈ ಆನ್ ಮಾಡಿಕೊಳ್ಳಿ. ಅದು ಮೂಲವನ್ನೂ ಕಾಪಿಯನ್ನೂ ಓದಿ ಎರಡಕ್ಕೂ ಚೆಕ್‌ಸಮ್, ಅಂದರೆ ಫೈಲಿನ ಒಳಗಿರುವುದರಿಂದ ಹುಟ್ಟುವ ಗುರುತಿನ ಸಂಖ್ಯೆ, ಲೆಕ್ಕ ಹಾಕಿ ತಾಳೆ ನೋಡುತ್ತೆ. ಒಂದು ಬಿಟ್ ಬದಲಾಗಿದ್ದರೂ ಸಿಕ್ಕಿಬೀಳುತ್ತೆ. ಈ ತಾಳೆ ಮುಗಿಯುವವರೆಗೆ ಕ್ಯಾಮೆರಾ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ.

ಫೋಲ್ಡರಿನ ಹೆಸರು 2024-05-12 ಅಂತ ವರ್ಷದಿಂದ ಶುರುವಾಗಲಿ, ಹಿಂದೆ ಊರು, ಮನೆತನ. ತಾನಾಗಿಯೇ ಸಾಲಿಗೆ ನಿಲ್ಲುತ್ತವೆ. ‘ಫೈನಲ್’, ‘ಫೈನಲ್ ಹೊಸದು’, ‘ಫೈನಲ್ ಪಕ್ಕಾ’ ಇವನ್ನು ಇವತ್ತೇ ಬಿಡಿ.

ಅಕ್ಕನ ಮನೆಗೆ ಹೋಗುವ ಡಿಸ್ಕ್‌ಗೆ ಬೀಗ ಬೇಕು. ಅದರಲ್ಲಿರುವುದು ಬೇರೆಯವರ ಮನೆಯ ಹೆಣ್ಣುಮಕ್ಕಳು, ಕೂಸುಗಳ ಫೋಟೋ. ವಿಂಡೋಸ್ ಪ್ರೊದಲ್ಲಿ ಬಿಟ್‌ಲಾಕರ್ ಇದೆ, ಇಲ್ಲದಿದ್ದರೆ ಪುಕ್ಕಟೆ ಸಿಗುವ ವೆರಾಕ್ರಿಪ್ಟ್. ಬಿಟ್‌ಲಾಕರ್ ಕೊಡುವ 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದು ಡಿಸ್ಕ್‌ನಿಂದ ದೂರ ಇಡಿ. ಪಾಸ್‌ವರ್ಡೂ ಮರೆತು ಅದೂ ಕಳೆದರೆ ನಿಮಗೂ ಬಾಗಿಲು ತೆರೆಯದು. ಹಳೇ ಡಿಸ್ಕ್ ಗುಜರಿಗೆ ಹಾಕುವಾಗಲೂ ಹುಷಾರು, ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಒಳಗಿನ ಫೋಟೋ ಹೋಗುವುದಿಲ್ಲ. ಫುಲ್ ಫಾರ್ಮ್ಯಾಟ್ ಮಾಡಿ, ಇಲ್ಲಾ ಒಳಗಿನ ತಟ್ಟೆ ಒಡೆದೇ ಕೊಡಿ.

ಕೊನೆಗೊಂದು. ಎಲ್ಲವನ್ನೂ ಕೊನೇತನಕ ಕಾಯುವ ಹೊಣೆ ನಿಮ್ಮ ತಲೆಗೆ ಯಾಕೆ? ಕಚ್ಚಾ ಫೈಲು ಎಷ್ಟು ಕಾಲ ಇಡುತ್ತೀರಿ, ಎಡಿಟ್ ಆದದ್ದು ಎಷ್ಟು ಕಾಲ ಅನ್ನೋದನ್ನು ಅಡ್ವಾನ್ಸ್ ರಸೀದಿಯಲ್ಲೇ ಅಚ್ಚು ಹಾಕಿಸಿ. ಅವಧಿ ಮುಗಿಯುವ ಮೊದಲು ಒಂದು ಫೋನ್ ಮಾಡಿ, ಬೇಕೆಂದವರು ಸ್ವಂತ ಡಿಸ್ಕ್ ತಂದು ತುಂಬಿಸಿಕೊಂಡು ಹೋಗಲಿ.