ಕಬ್ಬಿಣಕ್ಕಾಗಿ ರೋಗಾಣುಗಳ ಕಿತ್ತಾಟ

2009ರ ಸೆಪ್ಟೆಂಬರ್‌ನಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಹಿರಿಯ ವಿಜ್ಞಾನಿಯೊಬ್ಬರು ಜ್ವರ, ಮೈಕೈ ನೋವು ಎಂದು ಕೆಲವು ದಿನ ನರಳಿ ಆಸ್ಪತ್ರೆ ಸೇರಿದರು. ಒಂದು ದಿನ ತುಂಬುವುದರೊಳಗೆ ತೀರಿಕೊಂಡರು. ರಕ್ತದಲ್ಲಿ ಸಿಕ್ಕಿದ್ದು ಪ್ಲೇಗ್ ಬ್ಯಾಕ್ಟೀರಿಯಾ.

ಅವರು ಪ್ಲೇಗ್ ಬಗ್ಗೆಯೇ ಸಂಶೋಧನೆ ಮಾಡುತ್ತಿದ್ದವರು. ಆದರೆ ಅವರ ಲ್ಯಾಬಿನಲ್ಲಿದ್ದದ್ದು ದುರ್ಬಲ ತಳಿ. ದೇಹದಿಂದ ಕಬ್ಬಿಣ ಕಸಿದುಕೊಳ್ಳಲು ಬೇಕಾದ ಜೀನ್‌ಗಳು ಅದರಲ್ಲಿ ಇರಲಿಲ್ಲ. ಹಾಗಾಗಿ ಅದು ಮನುಷ್ಯರನ್ನು ಕೊಲ್ಲಲಾರದು ಎಂದೇ ಎಲ್ಲರೂ ನಂಬಿದ್ದರು. ಶವಪರೀಕ್ಷೆ ಮಾಡಿದಾಗ ಕಾರಣದ ಸುಳಿವು ಸಿಕ್ಕಿತು. ಅವರ ಲಿವರ್ ತುಂಬ ಕಬ್ಬಿಣ! ಹಿಮೋಕ್ರೊಮಟೋಸಿಸ್ ಎಂಬ ವಂಶಪಾರಂಪರ್ಯ ಕಾಯಿಲೆ ಅವರಿಗಿತ್ತು. ಇದಿದ್ದವರ ದೇಹ ಊಟದಿಂದ ಬೇಕಾದ್ದಕ್ಕಿಂತ ಜಾಸ್ತಿ ಕಬ್ಬಿಣ ಹೀರಿಕೊಂಡು ಕೂಡಿಡುತ್ತಾ ಹೋಗುತ್ತದೆ. ಕಸಿಯಲು ಬಾರದ ಬ್ಯಾಕ್ಟೀರಿಯಾಗೆ ಕಬ್ಬಿಣ ತಾನಾಗಿಯೇ ಸಿಕ್ಕಿರಬೇಕು. ಇದೇ ಜೀನ್ ದೋಷವಿರುವ ಇಲಿಗಳಿಗೆ ಇಂಥ ದುರ್ಬಲ ತಳಿ ಕೊಟ್ಟು ನೋಡಿದ ಪ್ರಯೋಗ 2012ರಲ್ಲಿ ಪ್ರಕಟವಾಯಿತು. ಅಲ್ಲೂ ಅದು ಮತ್ತೆ ಮಾರಕವಾಗಿತ್ತು.

ಒಂದು ರೋಗಾಣು ಎಷ್ಟು ಅಪಾಯಕಾರಿ ಅನ್ನುವುದು ಅದರೊಳಗೇ ಬರೆದಿರುತ್ತದೆ ಅಂದುಕೊಳ್ಳುತ್ತೇವೆ, ಅಲ್ವಾ? ಅರ್ಧ ಉತ್ತರ ನಮ್ಮ ರಕ್ತದಲ್ಲಿರುತ್ತದೆ.

ಉಸಿರಾಟದ ಕಿಣ್ವಗಳಿಗೆ, ಡಿಎನ್‌ಎ ಕಟ್ಟುವುದಕ್ಕೆ, ಹೆಚ್ಚುಕಮ್ಮಿ ಎಲ್ಲ ಬ್ಯಾಕ್ಟೀರಿಯಾಗಳಿಗೂ ಕಬ್ಬಿಣ ಬೇಕು. ನಮ್ಮ ಮೈಯಲ್ಲಿ 3ರಿಂದ 4 ಗ್ರಾಂ ಕಬ್ಬಿಣ ಇದೆ. ಆದರೆ ಬಿಡಿಯಾಗಿ ಓಡಾಡುವುದು ಇಲ್ಲವೆನ್ನುವಷ್ಟು ಕಡಿಮೆ. ಸುಮಾರು ಮೂರನೇ ಎರಡು ಭಾಗ ಹಿಮೋಗ್ಲೋಬಿನ್‌ನಲ್ಲಿ ಸೇರಿಕೊಂಡಿದೆ. ರಕ್ತದಲ್ಲಿ ಸಾಗುವ ಕಬ್ಬಿಣವನ್ನು ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನ್ ಹಿಡಿದುಕೊಂಡಿರುತ್ತದೆ. ಸಾಮಾನ್ಯವಾಗಿ ಅದರ ಮೂರನೇ ಒಂದು ಭಾಗವಷ್ಟೇ ತುಂಬಿರುತ್ತದೆ. ಉಳಿದ ಜಾಗ ಖಾಲಿ. ಎಲ್ಲಾದರೂ ಚೂರು ಕಬ್ಬಿಣ ಕಂಡರೆ ಹಿಡಿಯಲು ಅದು ಸದಾ ತಯಾರು. ಸೋಂಕು ತಗುಲಿದರೆ ಲಿವರ್ ಹೆಪ್ಸಿಡಿನ್ ಎಂಬ ಹಾರ್ಮೋನ್ ಬಿಡುತ್ತದೆ. ಕೆಲವೇ ಗಂಟೆಗಳಲ್ಲಿ ರಕ್ತದ ಕಬ್ಬಿಣ ಇನ್ನೂ ಇಳಿಯುತ್ತದೆ. ಬಹಳ ದಿನ ಸೋಂಕಿನಿಂದ ನರಳಿದವರಿಗೆ ರಕ್ತಹೀನತೆ ಬರಲು ಇದೂ ಒಂದು ಕಾರಣ.

ಬ್ಯಾಕ್ಟೀರಿಯಾ ಸುಮ್ನೆ ಕೂರುವುದಿಲ್ಲ. ಇ. ಕೋಲೈ ಎಂಟೆರೊಬ್ಯಾಕ್ಟಿನ್ ಎಂಬ ಪುಟ್ಟ ಅಣುವನ್ನು ತಯಾರಿಸಿ ಹೊರಗೆ ಬಿಡುತ್ತದೆ. ಇಂಥ ಅಣುಗಳಿಗೆ ಸಿಡರೋಫೋರ್ ಎಂದು ಹೆಸರು. ಮೂರು ಕಡೆಯಿಂದ ಇಕ್ಕಳದ ಹಾಗೆ ಕಬ್ಬಿಣದ ಪರಮಾಣುವನ್ನು ಅದು ಕಚ್ಚಿ ಹಿಡಿಯುತ್ತದೆ. ಆ ಹಿಡಿತ ಎಷ್ಟು ಬಿಗಿ ಎಂದರೆ ಟ್ರಾನ್ಸ್‌ಫೆರಿನ್ ಕೈಯಿಂದಲೂ ಕಿತ್ತುಕೊಳ್ಳಬಲ್ಲದು. ಕಬ್ಬಿಣ ಸಿಕ್ಕ ಅಣುವನ್ನು ಬ್ಯಾಕ್ಟೀರಿಯಾ ವಾಪಸ್ ಒಳಗೆ ಎಳೆದುಕೊಳ್ಳುತ್ತದೆ. ಇದಕ್ಕೆ ನಮ್ಮ ಬಿಳಿ ರಕ್ತಕಣಗಳ ಉತ್ತರ ಸಿಡರೋಕ್ಯಾಲಿನ್ ಎಂಬ ಪ್ರೋಟೀನ್. ಎಂಟೆರೊಬ್ಯಾಕ್ಟಿನ್ ಅನ್ನು ಅದು ದಾರಿಯಲ್ಲೇ ಹಿಡಿದುಹಾಕುತ್ತದೆ. ಸಾಲ್ಮೊನೆಲ್ಲಾ ಅದಕ್ಕೂ ಉಪಾಯ ಕಂಡುಕೊಂಡಿದೆ. ಅದೇ ಅಣುವಿಗೆ ಗ್ಲೂಕೋಸ್ ಅಂಟಿಸಿ ಬಿಡುತ್ತದೆ. ಆಗ ಅದು ಸಿಡರೋಕ್ಯಾಲಿನ್ ಹಿಡಿತಕ್ಕೆ ಕೂರುವುದೇ ಇಲ್ಲ. ಇಷ್ಟು ಚಿಕ್ಕ ಬದಲಾವಣೆಯಿಂದ ಇಷ್ಟು ದೊಡ್ಡ ಲಾಭ! ಓದಿದಾಗಲೆಲ್ಲ ನನಗೆ ಬೆರಗಾಗುತ್ತದೆ.

ಎಲ್ಲವೂ ಇದೇ ದಾರಿ ಹಿಡಿಯುವುದಿಲ್ಲ. ಮಿದುಳು ಪೊರೆಯ ಜ್ವರ ತರುವ ಮೆನಿಂಜೊಕಾಕಸ್ ನೇರವಾಗಿ ಟ್ರಾನ್ಸ್‌ಫೆರಿನ್‌ಗೇ ಅಂಟಿಕೊಂಡು ಕಬ್ಬಿಣ ಬಿಡಿಸಿಕೊಳ್ಳುತ್ತದೆ. ಕೀವು ತರುವ ಸ್ಟೆಫೈಲೊಕಾಕಸ್ ಆರಿಯಸ್ ಹಿಮೋಗ್ಲೋಬಿನ್‌ನಲ್ಲಿರುವ ಕಬ್ಬಿಣಕ್ಕಾಗಿ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ.

ಗಂಟಲಮಾರಿ ಅಂದರೆ ಡಿಫ್ತೀರಿಯಾದ ಕಥೆ ಬೇರೆ ಥರ. ಈ ಬ್ಯಾಕ್ಟೀರಿಯಾವನ್ನು ಕಬ್ಬಿಣ ಹೇರಳವಾಗಿರುವ ದ್ರಾವಣದಲ್ಲಿ ಬೆಳೆಸಿದರೆ ಚೆನ್ನಾಗಿಯೇ ಬೆಳೆಯುತ್ತದೆ, ಆದರೆ ವಿಷ ಬಿಡುವುದಿಲ್ಲ. ಕಬ್ಬಿಣ ಕಡಿಮೆಯಾದರೆ ವಿಷ ಸುರಿಸುತ್ತದೆ. 1936ರಲ್ಲೇ ಅಮೆರಿಕದ ಆಲ್ವಿನ್ ಪ್ಯಾಪನ್‌ಹೈಮರ್ ಇದನ್ನು ತೋರಿಸಿದ್ದರು. ವಿಷದ ಜೀನ್ ಮೇಲೆ ಒಂದು ಪ್ರೋಟೀನ್ ಕೂತಿರುತ್ತದೆ. ಕಬ್ಬಿಣ ಜೊತೆಗಿದ್ದರೆ ಮಾತ್ರ ಅದು ಅಲ್ಲಿ ನಿಲ್ಲುತ್ತದೆ. ಕಬ್ಬಿಣ ಹೋದರೆ ಅದೂ ಕಳಚಿಕೊಳ್ಳುತ್ತದೆ, ಜೀನ್ ಕೆಲಸ ಶುರು ಮಾಡುತ್ತದೆ. ಕಬ್ಬಿಣದ ಬರವೇ ಬ್ಯಾಕ್ಟೀರಿಯಾಗೆ ‘ನೀನೀಗ ದೇಹದೊಳಗಿದ್ದೀಯ’ ಎಂಬ ಸೂಚನೆ. ಲಸಿಕೆಗಾಗಿ ಈ ವಿಷ ತಯಾರಿಸುವವರು ದ್ರಾವಣದ ಕಬ್ಬಿಣದ ಮೇಲೆ ಕಣ್ಣಿಡಬೇಕಾದದ್ದೂ ಇದಕ್ಕೇ.

ಇದನ್ನೆಲ್ಲ ಓದಿ ಯಾರೂ ಕಬ್ಬಿಣದ ಮಾತ್ರೆ ನಿಲ್ಲಿಸಬೇಡಿ. ರಕ್ತಹೀನತೆ ಇರುವ ಗರ್ಭಿಣಿಗೆ ಅದು ಬೇಕೇ ಬೇಕು. ಆದರೆ ತೀವ್ರ ಸೋಂಕಿದ್ದಾಗ ರಕ್ತನಾಳಕ್ಕೆ ಕಬ್ಬಿಣದ ಇಂಜೆಕ್ಷನ್ ಕೊಡಲು ವೈದ್ಯರು ಹಿಂಜರಿಯುತ್ತಾರೆ. ಅದಕ್ಕೆ ಕಾರಣವಿದೆ.

ಥಲಸ್ಸೀಮಿಯಾ ಎಂಬ ವಂಶಪಾರಂಪರ್ಯ ರಕ್ತದ ಕಾಯಿಲೆ ಇರುವ ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಪದೇ ಪದೇ ರಕ್ತ ಹಾಕಿಸಿಕೊಂಡು ಅವರ ಮೈಯಲ್ಲಿ ಕಬ್ಬಿಣ ತುಂಬಿಕೊಳ್ಳುತ್ತದೆ. ಅದನ್ನು ಹೊರಹಾಕಲು ಕೊಡುವ ಔಷಧಿಗಳಲ್ಲಿ ಡೆಫೆರಾಕ್ಸಮಿನ್ ಒಂದು. ಅದೂ ಮಣ್ಣಿನ ಒಂದು ಬ್ಯಾಕ್ಟೀರಿಯಾ ತಯಾರಿಸುವ ಸಿಡರೋಫೋರೇ! ಪ್ಲೇಗ್ ಬ್ಯಾಕ್ಟೀರಿಯಾದ ದಾಯಾದಿ ಯೆರ್ಸಿನಿಯಾ ಎಂಟೆರೊಕೊಲಿಟಿಕಾದ ಕೆಲವು ತಳಿಗಳಿಗೆ ಸ್ವಂತ ಸಿಡರೋಫೋರ್ ಇಲ್ಲ, ಆದರೆ ಈ ಔಷಧಿ ಹೊತ್ತು ತಂದ ಕಬ್ಬಿಣವನ್ನು ಅವು ಸಲೀಸಾಗಿ ಬಳಸಿಕೊಳ್ಳುತ್ತವೆ. ಹಾಗಾಗಿ ಡೆಫೆರಾಕ್ಸಮಿನ್ ತೆಗೆದುಕೊಳ್ಳುತ್ತಿರುವ ಮಗುವಿಗೆ ಜ್ವರದ ಜೊತೆ ಹೊಟ್ಟೆನೋವು, ಭೇದಿ ಶುರುವಾದರೆ, ಔಷಧಿಯನ್ನು ಅಲ್ಲಿಗೇ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಕರೆತರಲು ವೈದ್ಯರು ಹೇಳುತ್ತಾರೆ.