ಡಿ, ಟಿ, ಜಿ: ಮೂರಕ್ಷರದ ಜಾಡು ಹಿಡಿದು

1985ರ ಶುರುವಿನಲ್ಲಿ ಎಚ್‌ಐವಿಯ ಜೀನ್ ಬರಹ ಪೂರ್ತಿಯಾಗಿ ಪ್ರಕಟವಾಯಿತು. ಒಟ್ಟು ಸುಮಾರು 9,700 ಅಕ್ಷರ. ದಿನಪತ್ರಿಕೆಯ ಒಂದು ಪುಟದಲ್ಲಿ ಸಲೀಸಾಗಿ ಹಿಡಿಸುತ್ತದೆ. ಏಡ್ಸ್ ಬಂದವರಿಗೆ ಕೊಡಲು ಆಗ ಒಂದೇ ಒಂದು ಮದ್ದೂ ಇರಲಿಲ್ಲ. ಬರಹವೇನೋ ಕೈಗೆ ಬಂತು, ಆದರೆ ಅದರ ಯಾವ ತುಣುಕು ಏನು ಕೆಲಸ ಮಾಡುತ್ತದೆ ಅಂತ ತಿಳಿಯುವುದು ಹೇಗೆ?

ಅದರಲ್ಲಿ ಒಂದು ತುಣುಕು ಪುಟ್ಟ ಪ್ರೋಟೀನ್ ಒಂದನ್ನು ಮಾಡುತ್ತದೆ. ಪ್ರೋಟೀನ್ ಅಂದರೆ 20 ಬಗೆಯ ಅಮೈನೋ ಆಮ್ಲಗಳನ್ನು ಮಣಿಗಳ ಹಾಗೆ ಪೋಣಿಸಿದ ಸರ. ಒಂದೊಂದು ಬಗೆಯ ಮಣಿಗೂ ಒಂದೊಂದು ಇಂಗ್ಲಿಷ್ ಅಕ್ಷರ. ಈ ಒಂದಕ್ಷರದ ಪದ್ಧತಿ ಮಾರ್ಗರೆಟ್ ಡೇಹಾಫ್ ಅವರದು. 1965ರಲ್ಲಿ ಅವರು ಗೊತ್ತಿದ್ದ ಪ್ರೋಟೀನ್ ಬರಹಗಳನ್ನೆಲ್ಲ ಒಂದು ಪುಸ್ತಕವಾಗಿ ಕೂಡಿಸಿದಾಗ ಸಿಕ್ಕಿದ್ದು ಬರೀ 65!

ವೈರಸ್ಸಿನ ಆ ಪುಟ್ಟ ಪ್ರೋಟೀನಿನಲ್ಲಿ 99 ಮಣಿಗಳಿವೆ. 25ನೇ ಮಣಿಯಿಂದ ಓದಿದರೆ ಡಿ, ಟಿ, ಜಿ ಅಂತ ಬರುತ್ತದೆ. ಆಸ್ಪಾರ್ಟಿಕ್ ಆಮ್ಲ, ಥ್ರಿಯೋನಿನ್, ಗ್ಲೈಸಿನ್. ನಮ್ಮ ಹೊಟ್ಟೆಯಲ್ಲಿ ಊಟ ಅರಗಿಸುವ ಪೆಪ್ಸಿನ್‌ನಲ್ಲೂ ಇದೇ ಮೂರಕ್ಷರ ಇದೆ. ರಕ್ತದೊತ್ತಡ ಏರಿಸುವುದರಲ್ಲಿ ಕೈಯಾಡಿಸುವ ರೆನಿನ್‌ನಲ್ಲೂ ಇದೆ. ಇವೆರಡೂ ಬೇರೆ ಪ್ರೋಟೀನ್‌ಗಳನ್ನು ಕತ್ತರಿಸುವ ಕಿಣ್ವಗಳು, ಕತ್ತರಿಯ ಅಲಗು ಇರುವುದೇ ಆ ಡಿ ಮಣಿಯಲ್ಲಿ. ಹಾಗಾದರೆ ವೈರಸ್ಸಿನದೂ ಕತ್ತರಿಯೇ ಇರಬೇಕು, ಅಲ್ವಾ?

ಒಂದು ತೊಡಕಿತ್ತು. ಪೆಪ್ಸಿನ್‌ನಲ್ಲಿ 300ಕ್ಕೂ ಹೆಚ್ಚು ಮಣಿಗಳಿವೆ, ಡಿ-ಟಿ-ಜಿ ಎರಡು ಕಡೆ ಬರುತ್ತದೆ. ಎರಡೂ ಅಲಗು ಎದುರುಬದುರಾಗಿ ಸೇರಿದರೇ ಕತ್ತರಿ. ವೈರಸ್ಸಿನ ಹತ್ತಿರ ಇದ್ದದ್ದು ಒಂದೇ ಅಲಗು. 1987ರಲ್ಲಿ ಲಾರೆನ್ಸ್ ಪರ್ಲ್ ಮತ್ತು ವಿಲಿಯಂ ಟೇಲರ್ ಈ ಹೋಲಿಕೆಯ ಮೇಲೆಯೇ ಒಂದು ಮಾದರಿ ಕಟ್ಟಿದರು. ಈ ಪ್ರೋಟೀನಿನ ಎರಡು ಪ್ರತಿಗಳು ಜೋಡಿಯಾಗಿ ಒಂದು ಕತ್ತರಿಯಾಗುತ್ತವೆ ಅಂದರು. 1989ರಲ್ಲಿ ಅದರ ಹರಳು ಮಾಡಿ, ಎಕ್ಸ್-ಕಿರಣ ಹಾಯಿಸಿ ನೋಡಿದಾಗ ಕಂಡದ್ದೂ ಜೋಡಿಯೇ.

ಮುಂದಿನದಕ್ಕೆ ದಾರಿ ಸಿಕ್ಕಿತು. ಎಚ್‌ಐವಿ ತನ್ನ ಹಲವು ಪ್ರೋಟೀನ್‌ಗಳನ್ನು ಒಂದೇ ಉದ್ದನೆಯ ಸರವಾಗಿ ಮಾಡಿ, ಆಮೇಲೆ ಈ ಕತ್ತರಿಯಿಂದ ತುಂಡರಿಸಿಕೊಳ್ಳುತ್ತದೆ. ಕತ್ತರಿಯ ಬಾಯಿಗೆ ಏನಾದರೂ ಸಿಕ್ಕಿಸಿಬಿಟ್ಟರೆ ಹುಟ್ಟುವ ಹೊಸ ವೈರಸ್‌ಗಳು ಬಲಿಯದೆ ಉಳಿಯುತ್ತವೆ, ಯಾರಿಗೂ ಅಂಟುವುದಿಲ್ಲ. ರೆನಿನ್‌ನ ಬಾಯಿ ಕಟ್ಟುವ ರಾಸಾಯನಿಕಗಳ ಮೇಲೆ ಔಷಧ ಕಂಪನಿಗಳು ಅಷ್ಟರಲ್ಲಾಗಲೇ ಕೆಲಸ ಮಾಡಿದ್ದವು. ಆ ಅನುಭವ ಇಲ್ಲಿಗೆ ಬಂತು. ಜೊತೆಗೆ ಇನ್ನೊಂದು ಅದೃಷ್ಟ. ಈ ಕತ್ತರಿ ಪ್ರೋಲಿನ್ ಎಂಬ ಮಣಿಯ ಮುಂಚೆ ಕತ್ತರಿಸಬಲ್ಲದು. ನಮ್ಮ ಮೈಯ ಕಿಣ್ವಗಳು ಹಾಗೆ ಮಾಡುವುದು ತೀರಾ ಅಪರೂಪ. ಅಲ್ಲೇ ಗುರಿಯಿಟ್ಟರೆ ವೈರಸ್ಸಿಗೆ ಮಾತ್ರ ಏಟು. 1995ರ ಡಿಸೆಂಬರ್‌ನಲ್ಲಿ ಈ ಕತ್ತರಿಯ ಬಾಯಿ ಕಟ್ಟುವ ಸಕ್ವಿನಾವಿರ್ ಎಂಬ ಮದ್ದಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಬರಹ ಓದಿದ್ದರಿಂದ ಮಾತ್ರೆ ಬರುವವರೆಗೆ ಸುಮಾರು 11 ವರ್ಷ. ಔಷಧ ಲೋಕದಲ್ಲಿ ಇದನ್ನು ಓಟ ಅಂತಲೇ ಕರೆಯಬೇಕು.

ಹೀಗೆ ಜೀವಿಗಳ ಬರಹವನ್ನು ಕಂಪ್ಯೂಟರಿನಲ್ಲಿ ಓದಿ ಹೋಲಿಸುವ ವಿದ್ಯೆಗೆ ಬಯೋಇನ್ಫರ್ಮ್ಯಾಟಿಕ್ಸ್ ಅಂತ ಹೆಸರು. ಆ ಹೆಸರು ಕೇಳಿದ ಕೂಡಲೇ ಕಂಪ್ಯೂಟರಿನೊಳಗಿಂದ ಮದ್ದು ಉದುರುತ್ತದೆ ಅಂತ ಸುಮಾರು ಜನ ತಿಳಿದಿದ್ದಾರೆ. ಇಲ್ಲಿ ಹಾಗೇನೂ ಆಗಲಿಲ್ಲ. "ಇದು ಅದರ ಹಾಗಿದೆ" ಅನ್ನುವ ಒಂದು ಮಾತು ಸಿಕ್ಕಿತು, ಅಷ್ಟೇ. ಆದರೆ ಆ ಮಾತು ಎಷ್ಟೋ ವರ್ಷಗಳ ತಡಕಾಟ ಉಳಿಸಿತು.

"ಅದರ ಹಾಗಿದೆ" ಅಂತ ಹೇಳುವುದೂ ಸಲೀಸಲ್ಲ. ಲೆಕ್ಕ ನೋಡಿ. 20 ಅಕ್ಷರಗಳಲ್ಲಿ ಮೂರನ್ನು ಜೋಡಿಸುವ ಬಗೆಗಳು 8,000. ಅಂದರೆ ಡಿ-ಟಿ-ಜಿ ಸುಮಾರು 8,000 ಮಣಿಗೊಮ್ಮೆ ಸುಮ್ನೆ ಆಕಸ್ಮಿಕವಾಗಿಯೂ ಬಂದೀತು. ಕೋಟಿಗಟ್ಟಲೆ ಅಕ್ಷರಗಳ ಸಂಗ್ರಹದಲ್ಲಿ ಹುಡುಕಿದರೆ ಇಂಥ ಸುಳ್ಳು ನೆಂಟರು ರಾಶಿ ಸಿಗುತ್ತಾರೆ. ಅದಕ್ಕೇ ಅಕ್ಕಪಕ್ಕದ ಮಣಿಗಳನ್ನೂ ಹೋಲಿಸಿ ಅಂಕ ಕೊಡುತ್ತಾರೆ. ಬ್ಲೋಸಮ್62 ಎಂಬ ಅಂಕಪಟ್ಟಿಯಲ್ಲಿ ಲ್ಯೂಸಿನ್ ಎದುರಿಗೆ ಲ್ಯೂಸಿನ್ ಬಂದರೆ 4 ಅಂಕ. ಅದರ ಜಾಗದಲ್ಲಿ ಅದೇ ಗುಣದ ಐಸೋಲ್ಯೂಸಿನ್ ಬಂದರೂ 2 ಅಂಕ ಉಂಟು. ಟ್ರಿಪ್ಟೋಫಾನ್ ಅಪರೂಪದ್ದು, ಅದು ಹೊಂದಿದರೆ ಬರೋಬ್ಬರಿ 11. ಅದರ ಜಾಗದಲ್ಲಿ ಗ್ಲೈಸಿನ್ ಕೂತಿದ್ದರೆ 2 ಅಂಕ ಕಳೆಯುತ್ತಾರೆ. ಕೊನೆಗೆ ಒಟ್ಟು ಎಷ್ಟಾಯಿತು, ಇಷ್ಟು ಅಂಕ ಆಕಸ್ಮಿಕವಾಗಿ ಬರುವ ಸಾಧ್ಯತೆ ಎಷ್ಟು ಅಂತ ನೋಡುತ್ತಾರೆ. 1990ರಲ್ಲಿ ಬಂದ ಬ್ಲಾಸ್ಟ್ ಎಂಬ ತಂತ್ರಾಂಶ ಈ ಹುಡುಕಾಟವನ್ನು ಚುರುಕು ಮಾಡಿತು. ಪೂರ್ತಿ ಸರವನ್ನು ಹೋಲಿಸುತ್ತ ಕೂರದೆ, ಮೊದಲು ಪುಟ್ಟ ತುಂಡುಗಳ ಹೊಂದಿಕೆ ಹುಡುಕಿ, ಸಿಕ್ಕ ಕಡೆ ಮಾತ್ರ ಎರಡೂ ಬದಿಗೆ ಬೆಳೆಸುತ್ತ ಹೋಗುವುದು ಅದರ ಜಾಣತನ. ಇವತ್ತಿಗೂ ಪ್ರಯೋಗಾಲಯದಲ್ಲಿ "ಬ್ಲಾಸ್ಟ್ ಮಾಡಿ ನೋಡು" ಅನ್ನುವುದು ದಿನದ ಮಾತು.

ಆದರೆ ಹೋಲಿಕೆ ಮನೆತನ ಹೇಳುತ್ತದೆ, ಕಸುಬು ಹೇಳುತ್ತದೆ ಅಂತೇನಿಲ್ಲ. ಪಿಸಿಎಸ್‌ಕೆ9 ಎಂಬ ಪ್ರೋಟೀನ್ ನೋಡಿ. ಬರಹದ ಪ್ರಕಾರ ಅದೂ ಕತ್ತರಿಗಳ ಮನೆತನದ್ದೇ, ಬೇರೆ ಶಾಖೆ. ಅದರ ಕೈವಾಡ ಬಯಲಾದದ್ದು ಮನುಷ್ಯರನ್ನು ಮನುಷ್ಯರ ಜೊತೆ ಹೋಲಿಸಿದಾಗ. 2003ರಲ್ಲಿ ಫ್ರಾನ್ಸಿನ ಕೆಲವು ಕುಟುಂಬಗಳಲ್ಲಿ ವಿಪರೀತ ಕೊಲೆಸ್ಟ್ರಾಲ್ ಇದ್ದವರಿಗೆ ಈ ಜೀನಿನಲ್ಲಿ ಅಕ್ಷರ ಬದಲಾಗಿರುವುದು ಕಂಡಿತು. ಅಮೆರಿಕದ ಡಲ್ಲಾಸ್‌ನಲ್ಲಿ ಹೆಲೆನ್ ಹಾಬ್ಸ್ ಮತ್ತು ಜೊನಾಥನ್ ಕೋಹೆನ್ ಪ್ರಶ್ನೆಯನ್ನು ತಿರುಗಿಸಿ ಕೇಳಿದರು. ಇದೇ ಜೀನ್ ಕೆಟ್ಟು ಕೂತವರು ಯಾರಾದರೂ ಇದ್ದಾರಾ? ಇದ್ದರು. ಕಪ್ಪು ಜನರಲ್ಲಿ ಕೆಲವರಿಗೆ ಅದರ ಒಂದು ಪ್ರತಿ ಕೆಲಸವೇ ಮಾಡುತ್ತಿರಲಿಲ್ಲ. ಅವರ ಕೆಟ್ಟ ಕೊಲೆಸ್ಟ್ರಾಲ್ 28% ಕಡಿಮೆ. ಹೃದಯದ ರಕ್ತನಾಳದ ಕಾಯಿಲೆ 88% ಕಡಿಮೆ. ಆರೋಗ್ಯಕ್ಕೆ ಬೇರೇನೂ ಕುಂದು ಕಾಣಲಿಲ್ಲ.

ನನಗೆ ಈ ಕ್ಷೇತ್ರದಲ್ಲಿ ಜಾಸ್ತಿ ಇಷ್ಟವಾಗುವ ಕಥೆ ಇದು. ಮದ್ದು ಹುಟ್ಟುವ ಮೊದಲೇ ಅದರ ಪ್ರಯೋಗ ಮುಗಿದುಹೋಗಿತ್ತು, ಪ್ರಕೃತಿಯೇ ಮಾಡಿಟ್ಟಿತ್ತು. ಯಕೃತ್ತಿನ ಜೀವಕೋಶಗಳ ಮೇಲೆ ಕೊಲೆಸ್ಟ್ರಾಲನ್ನು ಹಿಡಿದು ಒಳಗೆಳೆಯುವ ಕೊಂಡಿಗಳಿರುತ್ತವೆ. ಪಿಸಿಎಸ್‌ಕೆ9 ಅವಕ್ಕೆ ಅಂಟಿಕೊಂಡು ಅವನ್ನು ನಾಶದ ದಾರಿ ಹಿಡಿಸುತ್ತದೆ. ತಮಾಷೆ ಅಂದರೆ, ಇದಕ್ಕೆ ಅದು ತನ್ನ ಕತ್ತರಿ ಬಳಸುವುದೇ ಇಲ್ಲ. ಹಾಗಾಗಿ 2015ರಲ್ಲಿ ಬಂದ ಮದ್ದುಗಳು ಅದರ ಅಲಗಿನ ತಂಟೆಗೆ ಹೋಗುವುದಿಲ್ಲ, ಪ್ರತಿಕಾಯದಿಂದ ರಕ್ತದಲ್ಲೇ ಅದನ್ನು ಹಿಡಿದುಬಿಡುತ್ತವೆ.

ಇನ್ನು ಸೋತ ಕಥೆ. 1999ರಲ್ಲಿ ಬೀಟಾ ಸೆಕ್ರಿಟೇಸ್ ಎಂಬ ಕಿಣ್ವ ಸಿಕ್ಕಿತು. ಅಲ್ಝೈಮರ್ ಬಂದವರ ಮಿದುಳಿನಲ್ಲಿ ಗಟ್ಟಿ ಕಟ್ಟುವ ಅಮಿಲಾಯ್ಡ್ ಎಂಬ ಪ್ರೋಟೀನ್ ತುಣುಕು ಹುಟ್ಟಲು ಮೊದಲ ಕತ್ತರಿ ಹಾಕುವುದು ಇದೇ. ಕೆಲವು ಗುಂಪುಗಳು ಡೇಟಾಬೇಸ್‌ಗಳಲ್ಲಿ ಪೆಪ್ಸಿನ್ ಮನೆತನದ ನೆಂಟರನ್ನು ಹುಡುಕಿಯೇ ಇದನ್ನು ಹಿಡಿದವು. ಇದರ ಒಂದು ಅಲಗು ಡಿ-ಟಿ-ಜಿ, ಇನ್ನೊಂದು ಡಿ-ಎಸ್-ಜಿ. ಟಿ ಜಾಗದಲ್ಲಿ ಎಸ್ ಬಂದರೆ ಬ್ಲೋಸಮ್62ರಲ್ಲಿ 1 ಅಂಕ ಸಿಗುತ್ತದೆ, ನೆಂಟಸ್ತಿಕೆ ಕೆಡುವುದಿಲ್ಲ. ಎಚ್‌ಐವಿಯ ದಾರಿಯೇ ಇಲ್ಲೂ ತೆರೆದಿತ್ತು. ಮನುಷ್ಯರ ಜೀನ್ ಕೂಡ ಹೂಂ ಅಂದಿತು. 2012ರಲ್ಲಿ ಐಸ್‌ಲ್ಯಾಂಡ್‌ನಲ್ಲಿ ಒಂದು ಅಪರೂಪದ ಬದಲಾವಣೆ ಕಂಡಿತು. ಕತ್ತರಿ ಬೀಳುವ ಜಾಗದ ಪಕ್ಕದಲ್ಲೇ ಒಂದಕ್ಷರ ಬದಲಾಗಿ, ಅಂಥವರಿಗೆ ಅಲ್ಝೈಮರ್ ಬರುವುದು ಕಡಿಮೆಯಾಗಿತ್ತು.

ಆಮೇಲೆ ಬಂದ ವೆರುಬೆಸೆಸ್ಟಾಟ್ ಎಂಬ ಮದ್ದು ಕತ್ತರಿಯ ಬಾಯಿ ಚೆನ್ನಾಗಿಯೇ ಕಟ್ಟಿತು. ಮಿದುಳು ಬಳ್ಳಿಯ ದ್ರವದಲ್ಲಿ ಅಮಿಲಾಯ್ಡ್ ಅರ್ಧಕ್ಕಿಂತ ಜಾಸ್ತಿ ಇಳಿಯಿತು. ಮರೆವು ಮಾತ್ರ ನಿಲ್ಲಲಿಲ್ಲ. 2017 ಮತ್ತು 2018ರಲ್ಲಿ ಎರಡು ದೊಡ್ಡ ಪ್ರಯೋಗಗಳನ್ನು ನಿಲ್ಲಿಸಿದರು. ಮದ್ದು ತೆಗೆದುಕೊಂಡ ಕೆಲವರಲ್ಲಿ ನೆನಪಿನ ಶಕ್ತಿ ಇನ್ನಷ್ಟು ಕುಗ್ಗಿದಂತೆಯೂ ಕಂಡಿತು. ಕಾರಣ ಊಹಿಸಬಹುದು. ಐಸ್‌ಲ್ಯಾಂಡಿನವರಿಗೆ ಆ ರಕ್ಷಣೆ ಹುಟ್ಟಿನಿಂದಲೇ ಇತ್ತು, ರೋಗಿಗಳಿಗೆ ಮದ್ದು ಸಿಕ್ಕಿದ್ದು ಮಿದುಳು ಸವೆದ ಮೇಲೆ. ಅಲ್ಲದೆ ಈ ಕತ್ತರಿ ನರಗಳಿಗೆ ಬೇಕಾದ ಬೇರೆ ಪ್ರೋಟೀನ್‌ಗಳನ್ನೂ ಕತ್ತರಿಸುತ್ತದೆ. ಅಂಕಪಟ್ಟಿಯಲ್ಲಿ ಇದಕ್ಕೆಲ್ಲ ಕಾಲಂ ಇಲ್ಲ.

ಈಗ ಎಲ್ಲರ ಬಾಯಲ್ಲೂ ಆಲ್ಫಾಫೋಲ್ಡ್. ಮಣಿಸರದ ಬರಹ ಕೊಟ್ಟರೆ ಅದು ಹೇಗೆ ಮಡಚಿಕೊಳ್ಳುತ್ತದೆ ಅಂತ ಅಂದಾಜು ಮಾಡಿ ತೋರಿಸುವ ಸಾಧನ ಅದು. 2022ರ ಹೊತ್ತಿಗೆ 20 ಕೋಟಿಗೂ ಹೆಚ್ಚು ಪ್ರೋಟೀನ್‌ಗಳ ಆಕಾರ ಹಾಕಿಕೊಟ್ಟಿತು. ಅದನ್ನು ಕಟ್ಟಿದವರು 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲೂ ಪಾಲು ಪಡೆದರು. ಆದರೆ ಆಲ್ಫಾಫೋಲ್ಡ್ ಕಲಿತದ್ದು ಎಲ್ಲಿಂದ? 1971ರಲ್ಲಿ ಏಳೇ ಏಳು ಆಕಾರಗಳಿಂದ ಶುರುವಾದ ಪ್ರೋಟೀನ್ ಡೇಟಾ ಬ್ಯಾಂಕ್ ಎಂಬ ಸಾರ್ವಜನಿಕ ಸಂಗ್ರಹದಿಂದ. ಹರಳು ಕಟ್ಟಿಸಲು ವರ್ಷಗಟ್ಟಲೆ ಒದ್ದಾಡಿದವರ ಹೆಸರು ಯಾರೂ ಕೇಳುವುದಿಲ್ಲ, ಅದು ಬೇರೆ ಮಾತು. ಆಕಾರ ಸಿಕ್ಕರೆ ಅದರ ಗುಳಿಯಲ್ಲಿ ಯಾವ ಅಣು ಕೂರುತ್ತದೆ ಅಂತ ಕಂಪ್ಯೂಟರಿನಲ್ಲೇ ಕೋಟ್ಯಂತರ ಅಣುಗಳನ್ನು ಇಟ್ಟು ನೋಡಬಹುದು. ಮುಂದೆ ಬಂದ ಅಣುಗಳಲ್ಲಿ ಹೆಚ್ಚಿನವು ಪರೀಕ್ಷಾ ನಳಿಕೆಯಲ್ಲಿ ಮುಗ್ಗರಿಸುತ್ತವೆ. ಪ್ರೋಟೀನ್ ಒಂದೇ ಕಡೆ ಅಲುಗಾಡದೆ ಕೂರುವುದಿಲ್ಲ, ಚಿತ್ರದಲ್ಲಿ ಕಾಣುವುದು ಒಂದು ಗಳಿಗೆಯ ಭಂಗಿ.

ಮದ್ದು ಮಾರುಕಟ್ಟೆಗೆ ಬಂದ ಮೇಲೂ ಬರಹ ಓದುವ ಕೆಲಸ ಮುಗಿಯುವುದಿಲ್ಲ. ಎಚ್‌ಐವಿ ತನ್ನ ಬರಹವನ್ನು ನಕಲು ಮಾಡುವಾಗ ಸಿಕ್ಕಾಪಟ್ಟೆ ತಪ್ಪು ಮಾಡುತ್ತದೆ. ಆ ತಪ್ಪುಗಳಲ್ಲಿ ಕೆಲವು ಅದಕ್ಕೆ ವರವಾಗುತ್ತವೆ. 30ನೇ ಜಾಗದ ಡಿ ಹೋಗಿ ಎನ್ ಬಂದರೆ ನೆಲ್ಫಿನಾವಿರ್ ಎಂಬ ಮದ್ದು ನಾಟುವುದಿಲ್ಲ. 82ನೇ ಜಾಗದ ವಿ ಬದಲಾದರೆ ಬೇರೆ ಕೆಲವು ಮದ್ದುಗಳ ಹಿಡಿತ ಸಡಿಲವಾಗುತ್ತದೆ. ಹಾಗಾಗಿ ಒಂದು ಮದ್ದು ಕೈಕೊಟ್ಟಾಗ ರೋಗಿಯ ರಕ್ತದಿಂದ ವೈರಸ್ಸಿನ ಬರಹ ತೆಗೆದು, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಎಲ್ಲರಿಗೂ ತೆರೆದಿಟ್ಟಿರುವ ಡೇಟಾಬೇಸ್‌ನಂಥ ಕಡೆ ಹೋಲಿಸುತ್ತಾರೆ. ಯಾವ ಅಕ್ಷರ ಬದಲಾಗಿದೆ, ಯಾವ ಮದ್ದು ಇನ್ನೂ ಉಳಿದಿದೆ ಅಂತ ಅದು ಹೇಳುತ್ತದೆ. ಆ 99 ಅಕ್ಷರಗಳ ಸಾಲಿನಲ್ಲಿ ಎಷ್ಟೋ ಕಡೆ ತಿದ್ದುಪಡಿ ಕಾಣುತ್ತದೆ. 25, 26, 27 ಮಾತ್ರ ಹಾಗೇ ಇರುತ್ತವೆ. ಡಿ, ಟಿ, ಜಿ. ಅಲಗು ಮೊಂಡಾದರೆ ವೈರಸ್ಸೇ ಉಳಿಯುವುದಿಲ್ಲ.