ಹಿರಿಯರ ಮೇಲಿನ ಔಷಧ ಪ್ರಯೋಗ: ಹಗುರಗೊಳಿಸುವ ದಾರಿಯಲ್ಲಿ ಏನು ಉಳಿಯಬೇಕು?

ಔಷಧಗಳನ್ನು ಹೆಚ್ಚಾಗಿ ಸೇವಿಸುವವರು ಹಿರಿಯರು. ಆ ಔಷಧಗಳನ್ನು ಒರೆಗೆ ಹಚ್ಚುವ ಪ್ರಯೋಗಗಳಿಂದ ದಶಕಗಳ ಕಾಲ ಹೊರಗುಳಿದವರೂ ಅವರೇ. ಹಲವು ಕಾಯಿಲೆ, ಹಲವು ಮಾತ್ರೆಗಳಿರುವವರನ್ನು ಸೇರಿಸಿಕೊಂಡರೆ ಫಲಿತಾಂಶ ಗೋಜಲಾಗುತ್ತದೆಂಬುದು ಕಾರಣವಾಗಿತ್ತು. ಹಿರಿಯರನ್ನು ಸೇರಿಸಿಕೊಳ್ಳಬೇಕೆಂಬ ಐಸಿಎಚ್ (ಔಷಧ ನಿಯಮಗಳನ್ನು ದೇಶಗಳ ನಡುವೆ ಹೊಂದಿಸುವ ವೇದಿಕೆ) ಮಾರ್ಗಸೂಚಿ 1993ರಲ್ಲೇ ಬಂದರೂ, 80 ದಾಟಿದವರ ರಕ್ತದೊತ್ತಡ ಇಳಿಸುವುದು ಒಳಿತೋ ಕೆಡುಕೋ ಎಂಬುದಕ್ಕೆ ಗಟ್ಟಿ ಉತ್ತರ ದೊರೆತದ್ದು 2008ರಲ್ಲಿ, 3,845 ಜನರ ಹೈವೆಟ್ ಪ್ರಯೋಗದಿಂದ.

ಪ್ರಶ್ನೆ ಕೇಳುವ ಬಗೆಯನ್ನೇ ಬದಲಿಸಿದ್ದು ಆಸ್ಪ್ರೀ ಪ್ರಯೋಗ. ಆರೋಗ್ಯವಾಗಿರುವ ಹಿರಿಯರು ದಿನವೂ 100 ಮಿಲಿಗ್ರಾಂ ಆಸ್ಪಿರಿನ್ ನುಂಗುವುದರಿಂದ ಲಾಭವಿದೆಯೇ ಎಂದು ತಿಳಿಯಲು ಅದು ಆಸ್ಟ್ರೇಲಿಯಾ ಮತ್ತು ಅಮೆರಿಕದ 19,114 ಜನರನ್ನು ಸೇರಿಸಿಕೊಂಡಿತು. ಆಸ್ಟ್ರೇಲಿಯಾದವರೇ 16,703 ಮಂದಿ, ಅವರನ್ನು ಹುಡುಕಿಕೊಟ್ಟವರು ಊರೂರಿನ ಕುಟುಂಬ ವೈದ್ಯರು. ಹೃದಯಾಘಾತಗಳನ್ನು ಎಣಿಸುವುದನ್ನಷ್ಟೇ ಗುರಿಯಾಗಿಸದೆ, ಮರೆಗುಳಿತನವಾಗಲಿ, ಸ್ನಾನ, ಉಡುಪು, ಊಟ, ನಡಿಗೆಯಂಥ ಕೆಲಸಗಳಲ್ಲಿ ದೀರ್ಘಕಾಲದ ಪರಾವಲಂಬನೆಯಾಗಲಿ ಇಲ್ಲದೆ ಬದುಕಿದ ಅವಧಿಯನ್ನು ಅದು ಮುಖ್ಯ ಅಳತೆಯಾಗಿಸಿತು. ಹಿರಿಯರು ವೈದ್ಯರಲ್ಲಿ ನಿಜಕ್ಕೂ ಕೇಳುವುದು ಇದನ್ನೇ. 2018ರಲ್ಲಿ ಪ್ರಕಟವಾದ ಉತ್ತರ ಸ್ಪಷ್ಟವಾಗಿತ್ತು: ಆ ಅಳತೆಯಲ್ಲಿ ಲಾಭವಿರಲಿಲ್ಲ, ಗಂಭೀರ ರಕ್ತಸ್ರಾವ ಮಾತ್ರ ಹೆಚ್ಚಾಗಿತ್ತು. ಆದರೆ ಸುಮಾರು ಐದು ವರ್ಷ ಪ್ರತಿಯೊಬ್ಬರನ್ನೂ ವರ್ಷವರ್ಷ ಮುಖಾಮುಖಿ ಕಂಡು ಪರೀಕ್ಷಿಸುವ ಕ್ರಮಕ್ಕೆ ಬೇಕಾದ ಜನ ಮತ್ತು ಹಣ ಪ್ರತಿ ಪ್ರಶ್ನೆಗೂ ಸಿಗುವುದಿಲ್ಲ.

ಡೆನ್ಮಾರ್ಕ್ ಇನ್ನೊಂದು ತುದಿಯನ್ನು ತೋರಿಸಿತು. ಅಲ್ಲಿ 1968ರಿಂದ ಪ್ರತಿ ನಿವಾಸಿಗೂ ಗುರುತಿನ ಸಂಖ್ಯೆಯಿದ್ದು, ಆಸ್ಪತ್ರೆ ದಾಖಲಾತಿಯೂ ಮರಣವೂ ಅದರಡಿ ರಾಷ್ಟ್ರೀಯ ದಾಖಲೆಗೆ ಸೇರುತ್ತವೆ. ಹೆಚ್ಚು ಪ್ರಮಾಣದ ಫ್ಲೂ ಲಸಿಕೆಯನ್ನು ಸಾಮಾನ್ಯ ಪ್ರಮಾಣದ್ದರೊಂದಿಗೆ ಹೋಲಿಸಿದ ಡ್ಯಾನ್‌ಫ್ಲೂ-2 ಪ್ರಯೋಗ, ಸರ್ಕಾರಿ ವಿದ್ಯುನ್ಮಾನ ಅಂಚೆಯ ಮೂಲಕ ಆಹ್ವಾನ ಕಳುಹಿಸಿ, ಫಲಿತಾಂಶವನ್ನು ಆ ದಾಖಲೆಗಳಿಂದಲೇ ಪಡೆದು, 65 ದಾಟಿದ 3.3 ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡಿತು. ಇನ್‌ಫ್ಲುಯೆನ್ಜಾ ಅಥವಾ ನ್ಯುಮೋನಿಯಾಕ್ಕಾಗಿ ಆಸ್ಪತ್ರೆ ಸೇರುವುದರಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲವಾದರೂ, ಇಷ್ಟು ದೊಡ್ಡ ಪ್ರಯೋಗ ಇಷ್ಟು ಹಗುರವಾಗಿ ನಡೆಯಬಲ್ಲದೆಂಬುದು ಸಾಬೀತಾಯಿತು.

ಆದರೆ ಅಜ್ಜಿಯೊಬ್ಬರು ತಾವಾಗಿ ಸ್ನಾನ ಮಾಡಬಲ್ಲರೇ ಎಂಬುದು ಆಸ್ಪತ್ರೆಯ ದಾಖಲೆಯಲ್ಲಿ ಇರುವುದಿಲ್ಲ. ಸುಲಭವಾಗಿ ಸಿಗುವ ಅಂಕಿಯೇ ಮುಖ್ಯ ಅಳತೆಯಾಗುತ್ತಾ ಹೋದರೆ, ಆಸ್ಪ್ರೀ ಗಳಿಸಿಕೊಟ್ಟ ಪ್ರಶ್ನೆ ಮತ್ತೆ ಬದಿಗೆ ಸರಿಯುತ್ತದೆ.

ಆಸ್ಪ್ರೀಯ ಪ್ರಶ್ನೆಯನ್ನೂ ಡೆನ್ಮಾರ್ಕಿನ ಹಗುರ ವಿಧಾನವನ್ನೂ ಬೆಸೆಯಲು ಹೊರಟಿರುವುದು ಅಮೆರಿಕದಲ್ಲಿ 2020ರಲ್ಲಿ ಆರಂಭವಾದ ಪ್ರಿವೆಂಟಬಲ್. 75 ದಾಟಿದ 20,000 ಜನರ ಗುರಿಯಿಟ್ಟುಕೊಂಡ ಈ ಸ್ಟ್ಯಾಟಿನ್ (ಕೊಲೆಸ್ಟರಾಲ್ ಇಳಿಸುವ ಔಷಧ) ಪ್ರಯೋಗದಲ್ಲಿ ಮಾತ್ರೆಗಳು ಅಂಚೆಯಲ್ಲಿ ಮನೆಗೆ ಬರುತ್ತವೆ, ಆಸ್ಪತ್ರೆ ದಾಖಲಾತಿಗಳು ವಿದ್ಯುನ್ಮಾನ ದಾಖಲೆಗಳಿಂದ ತಿಳಿಯುತ್ತವೆ, ನೆನಪಿನ ಶಕ್ತಿಯನ್ನು ದೂರವಾಣಿಯಲ್ಲಿ ಪರೀಕ್ಷಿಸಲಾಗುತ್ತದೆ. ದೂರವಾಣಿಗೂ ಮಿತಿಯಿದೆ: ಕಿವಿ ಮಂದವಾದವರು, ಮರೆವು ಆರಂಭವಾದವರು ಕರೆಗೆ ಸಿಗದೆ ಹೋಗುವ ಸಾಧ್ಯತೆಯೇ ಹೆಚ್ಚು, ಪ್ರಯೋಗ ತಿಳಿಯಬೇಕಾದದ್ದೂ ಅವರ ಸ್ಥಿತಿಯನ್ನೇ. ದಾಖಲೆಗಳಿಂದ ಉಳಿದ ಹಣದಲ್ಲಿ ಒಂದು ಪಾಲನ್ನು ಅಂಥವರ ಮನೆಗೆ ಹೋಗಿ, ಮನೆಯವರನ್ನೂ ಕೇಳಿ ಬರುವುದಕ್ಕೆ ಮೊದಲೇ ಮೀಸಲಿಡಬೇಕು.